ಮಳೆ ಬಾರದಿದ್ದರೂ ಸೌತೆಯ ಎಲೆ ನೆನೆಯುತ್ತದೆ

ಸೌತೆ ಬೆಳೆಯುವವರು ನನಗೆ ತೋರಿಸಲು ತರುವ ಎಲೆ ಸಾಮಾನ್ಯವಾಗಿ ಮುರುಟಿ, ಪುಡಿಯಾಗಿ, ಚೀಲದ ತಳ ಸೇರಿರುತ್ತದೆ. ಅದರ ಜೊತೆಗೆ ತಪ್ಪದೆ ಬರುವ ವಾದವೊಂದಿದೆ: 'ಮಳೆಯೇ ಬಂದಿಲ್ಲವಲ್ಲ ಸರ್, ಬೂಜು ತುಪ್ಪಟ ರೋಗ ಎಲ್ಲಿಂದ ಬರಬೇಕು?' ಬೀಜ ಕೆಟ್ಟದ್ದು, ಮಣ್ಣು ಕೆಟ್ಟದ್ದು, ಔಷಧಿ ನಕಲಿ ಎಂದು ಎಲ್ಲವನ್ನೂ ಅನುಮಾನಿಸುತ್ತಾರೆ. ರಾತ್ರಿಯಿಡೀ ಒದ್ದೆಯಾಗಿದ್ದ ಎಲೆಯ ಮೇಲೆ ಮಾತ್ರ ಯಾರಿಗೂ ಅನುಮಾನವಿಲ್ಲ.

ಬೂಜು ತುಪ್ಪಟ ರೋಗ (ಡೌನಿ ಮಿಲ್ಡ್ಯೂ) ತರುವ ಸೂಕ್ಷ್ಮಜೀವಿ ಜೀವಂತ ಎಲೆಯಲ್ಲಿ ಮಾತ್ರ ಬದುಕುತ್ತದೆ. ಒಣಗಿದ ಬಳ್ಳಿಯಲ್ಲಿ ಅದು ಉಳಿಯುವುದಿಲ್ಲ. ಹಾಗಾಗಿ ಮಣ್ಣಿಗೆ ಔಷಧಿ ಸುರಿಯುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಬೇರೆಲ್ಲೋ ಬೆಳೆದು ನಿಂತ ಸೌತೆ ಜಾತಿಯ ಬಳ್ಳಿಯಿಂದ ಅದರ ಬೀಜಾಣುಗಳು ಗಾಳಿಯಲ್ಲಿ ತೇಲಿ ಬರುತ್ತವೆ, ಕೆಲವೊಮ್ಮೆ ಬಹಳ ದೂರದಿಂದ. ಗಾಳಿಗೆ ಬೇಲಿ ಹಾಕಲಾಗದು. ಆದರೆ ಬಂದಿಳಿದ ಬೀಜಾಣು ತಾನಾಗಿ ಎಲೆಯ ಒಳಹೋಗುವುದಿಲ್ಲ. ನೀರಿನ ತೆಳುಪದರ ಸಿಕ್ಕರೆ ಅದು ಒಡೆದು ಹಲವು ಚಲಬೀಜಾಣುಗಳನ್ನು ಹೊರಬಿಡುತ್ತದೆ. ಅವು ಬಾಲ ಬಡಿಯುತ್ತಾ ಈಜಿ, ಪತ್ರರಂಧ್ರ ಹುಡುಕಿ, ಅದರೊಳಗೆ ತೂರಿಕೊಳ್ಳುತ್ತವೆ. ಈಜಲು ನೀರು ಬೇಕು. ಅದು ಮಳೆಯದೋ, ಮಂಜಿನದೋ, ನಿಮ್ಮ ಪೈಪಿನದೋ ಎಂಬುದು ಅದಕ್ಕೆ ಮುಖ್ಯವಲ್ಲ.

ಎಷ್ಟು ಹೊತ್ತು ಬೇಕು? ಉಷ್ಣಾಂಶ 15ರಿಂದ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಸುಮಾರು ಎರಡು ಗಂಟೆಯ ತೇವವೇ ಸಾಕಾಗಬಹುದು. ಒಳಹೊಕ್ಕ ಮೇಲೆ ಮಚ್ಚೆ ಕಾಣಿಸಲು ಹವೆಯನ್ನು ಅವಲಂಬಿಸಿ ನಾಲ್ಕರಿಂದ ಹನ್ನೆರಡು ದಿನ ಹಿಡಿಯುತ್ತದೆ. ಅಂದರೆ ಇಂದು ಕಂಡ ಮಚ್ಚೆ ಕಳೆದ ವಾರದ ಯಾವುದೋ ರಾತ್ರಿಯದು. ಆ ಮಚ್ಚೆಯ ಅಡಿಯಲ್ಲಿ ಹೊಸ ಬೀಜಾಣು ಮೂಡಲು ಮತ್ತೆ ಆರು ಗಂಟೆಯಷ್ಟು ತೇವದ ರಾತ್ರಿ ಬೇಕು.

ಈಗ ಸಂಜೆ ತುಂತುರು ನೀರು ಬಿಡುವವರು ಲೆಕ್ಕ ಹಾಕಲಿ. ಇಬ್ಬನಿ ಮಾತ್ರವಾದರೆ ಎಲೆ ನಡುರಾತ್ರಿಯ ನಂತರ ನೆನೆದು, ಬಿಸಿಲೇರುತ್ತಲೇ ಒಣಗಬಹುದು. ಸಂಜೆ ಆರಕ್ಕೇ ನೀವು ನೆನೆಸಿದರೆ ಆ ನೀರು ಆರುವ ಮೊದಲೇ ಇಬ್ಬನಿ ಬಂದು ಸೇರುತ್ತದೆ. ಮರುದಿನ ಎಂಟರವರೆಗೆ ಹದಿನಾಲ್ಕು ಗಂಟೆ! ಒಬ್ಬರಿಗೆ ಇದನ್ನು ಎಷ್ಟು ಸಲ ಹೇಳಿದರೂ 'ಪಾಪ, ಗಿಡಗಳು ಬಿಸಿಲಲ್ಲಿ ಬೆಂದಿರುತ್ತವೆ' ಎಂದು ಸಂಜೆಯೇ ನೀರು ಬಿಡುತ್ತಿದ್ದರು. ಅಂಥ ಅಕ್ಕರೆಯವರನ್ನು ಗದರಲು ಮನಸ್ಸು ಬಾರದು. ಕೊನೆಗೆ ಬುಡಕ್ಕೆ ಹನಿ ನೀರಾವರಿ ಮಾಡಿಸಿ, ಬಳ್ಳಿಯನ್ನು ಹಂದರಕ್ಕೆ ಹಬ್ಬಿಸಿದೆವು. ರೋಗ ಮಾಯವಾಗಲಿಲ್ಲ, ಆದರೆ ಹೊಸ ಎಲೆಗಳು ಕಾಯಿ ಬಲಿಯುವವರೆಗೆ ನಿಂತವು. ಅದಕ್ಕಿಂತ ಹೆಚ್ಚಿನ ಭರವಸೆಯನ್ನು ನಾನು ಯಾರಿಗೂ ಕೊಡುವುದಿಲ್ಲ.

ರೋಗ ನೋಡಬೇಕಾದದ್ದು ಬೆಳಿಗ್ಗೆ, ಇಬ್ಬನಿ ಆರುವ ಮುನ್ನ, ಎಲೆ ಮಗುಚಿ. ಮೇಲ್ಭಾಗದಲ್ಲಿ ನಾಳಗಳ ನಡುವೆ ಗೆರೆ ಎಳೆದು ಕತ್ತರಿಸಿದಂಥ ಮೂಲೆ ಮೂಲೆಯ ಹಳದಿ ಮಚ್ಚೆ. ಅದರ ನೇರ ಕೆಳಗೆ ಬೂದು-ನೇರಳೆ ತುಪ್ಪಟ. ಮಧ್ಯಾಹ್ನಕ್ಕೆ ಅದು ಉದುರಿಹೋಗಿರುತ್ತದೆ. ಅನುಮಾನವಿದ್ದರೆ ಎಲೆಯನ್ನು ಒದ್ದೆ ಕಾಗದದೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ರಾತ್ರಿ ಇಡಿ. ಬೆಳಗಾಗುವಷ್ಟರಲ್ಲಿ ತುಪ್ಪಟ ಮೂಡಿದರೆ ಉತ್ತರ ಸಿಕ್ಕಿದಂತೆ. ಆದರೆ ಮೂಡದಿದ್ದ ಮಾತ್ರಕ್ಕೆ ರೋಗವಿಲ್ಲವೆಂದು ಖಚಿತವಾಗಿ ಹೇಳಲಾಗದು.

ನಿರೋಧಕ ತಳಿ ಹಾಕಿದ್ದೇವೆ, ಚಿಂತೆಯಿಲ್ಲ ಎನ್ನುವವರೂ ಇದ್ದಾರೆ. ಭಾರತದಿಂದ ಸಂಗ್ರಹಿಸಿದ ಒಂದು ಸೌತೆ ತಳಿಯ ನಿರೋಧಕ ಗುಣ ಅಮೆರಿಕದ ತಳಿಗಳನ್ನು ದಶಕಗಳ ಕಾಲ ಕಾಪಾಡಿತ್ತು. 2004ರಲ್ಲಿ ಅಲ್ಲಿನ ಪೂರ್ವ ಭಾಗದಲ್ಲಿ ಅದನ್ನೂ ಮೀರಿ ರೋಗ ಹಬ್ಬಿತು. ನಿರೋಧಕ ತಳಿಯಲ್ಲಿ ಮಚ್ಚೆ ಚಿಕ್ಕದಾಗುತ್ತದೆ, ಬೀಜಾಣು ಕಡಿಮೆಯಾಗುತ್ತದೆ. ಅದು ದೊಡ್ಡ ಲಾಭವೇ. ಹಾಗೆಂದು ಎಲೆ ಮಗುಚುವುದನ್ನು ಬಿಡುವಂತಿಲ್ಲ.

ಔಷಧಿಯ ವಿಷಯ ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಕೇಳುವವರು ಇದನ್ನೊಂದೇ ಬರೆದುಕೊಳ್ಳುತ್ತಾರೆ. ಈ ರೋಗಕಾರಕ ನಿಜವಾದ ಶಿಲೀಂಧ್ರವಲ್ಲ. ಹಾಗಾಗಿ ಶಿಲೀಂಧ್ರಗಳಿಗೆ ಹೊಡೆಯುವ ಕಾರ್ಬೆಂಡಜಿಮ್ ಇದಕ್ಕೆ ನಾಟುವುದಿಲ್ಲ. ಮ್ಯಾಂಕೋಜೆಬ್, ತಾಮ್ರದಂಥವು ಬಾಗಿಲು ಕಾಯುತ್ತವೆ, ಒಳಹೊಕ್ಕದ್ದನ್ನು ಹೊರದಬ್ಬುವುದಿಲ್ಲ. ಆದ್ದರಿಂದ ಮೊದಲೇ, ಎಲೆಯ ಅಡಿಭಾಗಕ್ಕೂ ತಾಗುವಂತೆ ಸಿಂಪಡಿಸಬೇಕು. ಮೆಟಲಾಕ್ಸಿಲ್‌ಗೆ ಜಗ್ಗದ ರೋಗಾಣು ತಳಿಗಳು ಹಲವು ಕಡೆ ಹುಟ್ಟಿಕೊಂಡಿವೆ, ಹಾಗಾಗಿ ಒಂದೇ ಗುಂಪಿನ ಔಷಧಿಯನ್ನು ಸಾಲಾಗಿ ಹೊಡೆಯಬೇಡಿ. ನಿಮ್ಮ ಬೆಳೆಗೆ ಯಾವುದು, ಎಷ್ಟು ಎಂಬುದನ್ನು ಲೇಬಲ್ ನೋಡಿ, ಸ್ಥಳೀಯ ತಜ್ಞರನ್ನು ಕೇಳಿ ತೀರ್ಮಾನಿಸಿ. ಸಿಂಪಡಣೆಗೂ ಕೊಯ್ಲಿಗೂ ನಡುವೆ ಬಿಡಬೇಕಾದ ದಿನಗಳನ್ನು ಆ ಲೇಬಲ್ಲಿನಲ್ಲೇ ಬರೆದಿರುತ್ತಾರೆ. ಸೌತೆಯನ್ನು ದಿನ ಬಿಟ್ಟು ದಿನ ಕೊಯ್ಯುವವರು ಅದನ್ನು ಓದಿದ ಮೇಲೆಯೇ ಟ್ಯಾಂಕಿಗೆ ನೀರು ತುಂಬಲಿ.