ದ್ವೀಪದ ಹಕ್ಕಿಗಳ ಲೆಕ್ಕ: ವಿಸ್ತೀರ್ಣ, ದೂರ, ಝಡ್

ದೊಡ್ಡ ದ್ವೀಪದಲ್ಲಿ ಹಕ್ಕಿ ಪ್ರಭೇದ ಹೆಚ್ಚು, ದೂರದ ದ್ವೀಪದಲ್ಲಿ ಕಡಿಮೆ ಎಂದಷ್ಟೇ ಪರೀಕ್ಷೆಯಲ್ಲಿ ಬರೆದರೆ ಪೂರ್ತಿ ಅಂಕ ಸಿಗದು, ಕಾರಣ ಬೇಕು. 1960ರ ದಶಕದಲ್ಲಿ ಜೀವವಿಜ್ಞಾನಿಗಳಾದ ಮ್ಯಾಕ್‌ಆರ್ಥರ್ ಮತ್ತು ವಿಲ್ಸನ್ ಕೊಟ್ಟ ಕಾರಣ ಇದು: ದೂರ ಹೆಚ್ಚಿದಷ್ಟೂ ಹೊಸ ಪ್ರಭೇದ ಬಂದು ನೆಲೆಸುವ ದರ ಇಳಿಯುತ್ತದೆ. ಜಾಗ ಚಿಕ್ಕದಾದಷ್ಟೂ ಪ್ರತಿ ಪ್ರಭೇದದ ಹಕ್ಕಿಗಳು ಕೆಲವೇ ಇರುತ್ತವೆ, ಅಳಿವಿನ ದರ ಏರುತ್ತದೆ. ಎರಡು ದರವೂ ಸಮವಾದಲ್ಲಿ ಪ್ರಭೇದಗಳ ಎಣಿಕೆ ಏರದೆ ಇಳಿಯದೆ ನಿಲ್ಲುತ್ತದೆ.

ನಿಲ್ಲುವುದು ಎಣಿಕೆ ಮಾತ್ರ, ಪಟ್ಟಿಯಲ್ಲ. ಬಹಳಷ್ಟು ಜನ ತಪ್ಪುವುದು ಇಲ್ಲೇ. 1883ರ ಸ್ಫೋಟದಲ್ಲಿ ಬರಿದಾದ ಇಂಡೊನೇಷ್ಯಾದ ಜ್ವಾಲಾಮುಖಿ ದ್ವೀಪ ಕ್ರಾಕಟೌನಲ್ಲಿ 1920ರ ಸುಮಾರಿಗೆ ಹಕ್ಕಿ ಪ್ರಭೇದಗಳು ಮೂವತ್ತರ ಆಸುಪಾಸು ತಲುಪಿದ್ದವು. ಮುಂದಿನ ದಶಕದಲ್ಲಿ ಎಣಿಕೆ ಹೆಚ್ಚೇನೂ ಬದಲಾಗಲಿಲ್ಲ, ಆದರೆ ಕೆಲವು ಹೋಗಿ ಬೇರೆಯವು ಬಂದಿದ್ದವು.

ಲೆಕ್ಕಕ್ಕೆ ಸೂತ್ರ: ಲಾಗ್ ಎಸ್ = ಲಾಗ್ ಸಿ + ಝಡ್ × ಲಾಗ್ ಎ. ಎಸ್ ಪ್ರಭೇದ ಸಂಖ್ಯೆ, ಎ ವಿಸ್ತೀರ್ಣ, ಸಿ ಒಂದು ಸ್ಥಿರಾಂಕ, ಝಡ್ ಲಾಗ್ ಗ್ರಾಫಿನ ರೇಖೆಯ ಇಳಿಜಾರು. ಸಿ 5, ಝಡ್ 0.3 ಎಂದುಕೊಳ್ಳಿ. 10 ಚದರ ಕಿ.ಮೀ.ಗೆ ಸುಮಾರು 10 ಪ್ರಭೇದ, 100ಕ್ಕೆ 20, 1000ಕ್ಕೆ 40. ಜಾಗ ಹತ್ತು ಪಟ್ಟಾದರೂ ಪ್ರಭೇದ ಎರಡೇ ಪಟ್ಟು. ಚದರ ಕಿ.ಮೀ. ಬಿಟ್ಟು ಹೆಕ್ಟೇರ್ ಹಾಕಿದರೆ ಸಿ ಬದಲಾಗುತ್ತದೆ, ಝಡ್ ಹಾಗೇ ಉಳಿಯುತ್ತದೆ. ಪಿಯುಸಿ ಪುಸ್ತಕದ 0.1–0.2 ಒಂದು ಪ್ರದೇಶದೊಳಗಿನ ಝಡ್, 0.6–1.2 ಇಡೀ ಖಂಡಗಳಂಥ ವಿಶಾಲ ಪ್ರದೇಶಗಳದ್ದು. ದ್ವೀಪಸಮೂಹಗಳಿಗೆ ಸಾಮಾನ್ಯವಾಗಿ 0.2–0.35 ಬರುತ್ತದೆ. ಮೂರನ್ನೂ ಕಲಸಬೇಡಿ.

ಸೂತ್ರಕ್ಕೆ ಸಿಗದ್ದೂ ಇದೆ. ಹವಾಯಿಯಷ್ಟು ದೂರವಾದರೆ ಬರುವವು ಅಪರೂಪ, ಬಂದವೇ ಕವಲೊಡೆದು ಹೊಸ ಪ್ರಭೇದಗಳಾಗುತ್ತವೆ. ಪೆಸಿಫಿಕ್ ದ್ವೀಪ ಗುವಾಮ್‌ನಲ್ಲಿ ಎರಡನೇ ಮಹಾಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಬಂದು ಸೇರಿದ ಮರಹಾವು ಕಾಡುಹಕ್ಕಿಗಳನ್ನು ಬಹುಪಾಲು ಮುಗಿಸಿತು. ವಿಸ್ತೀರ್ಣ, ದೂರ ಎರಡೂ ಇದ್ದಷ್ಟೇ ಇದ್ದವು.

ನಮ್ಮ ಕಡೆ ಉದಾಹರಣೆ ಹುಡುಕುವವರು ತುಂಗಭದ್ರೆಯಲ್ಲಿರುವ ಆನೆಗೊಂದಿಯ ನವವೃಂದಾವನದ ನಡುಗಡ್ಡೆ ಹೇಳುತ್ತಾರೆ. ಅದು ದುರ್ಬಲ ಉದಾಹರಣೆ, ಗಿಳಿಗೆ ಆ ಹೊಳೆ ದಾಟುವುದು ಕ್ಷಣದ ಮಾತು. ಕೊಪ್ಪಳ, ಬಳ್ಳಾರಿಯ ಬಂಡೆಗುಡ್ಡಗಳು ಮೇಲು. ಹಳದಿ ಕೊರಳಿನ ಪಿಕಳಾರಕ್ಕೆ ಕುರುಚಲು ಇರುವ ಕಲ್ಲುಗುಡ್ಡವೇ ಬೇಕು, ಸುತ್ತಲ ಭತ್ತದ ಗದ್ದೆ ಅದರ ಪಾಲಿಗೆ ಸಮುದ್ರ. ಗೊರವಂಕಕ್ಕೆ ಅದೇ ಗದ್ದೆ ಊಟದ ಜಾಗ, ಆದ್ದರಿಂದ ಗೊರವಂಕವನ್ನೂ ಸೇರಿಸಿ ಎಣಿಸಿದರೆ ರೇಖೆಯ ಇಳಿಜಾರು ಚಪ್ಪಟೆಯಾಗುತ್ತದೆ. ಗುಡ್ಡ ಅವಲಂಬಿಸಿದ ಪ್ರಭೇದಗಳನ್ನು ಬೇರೆ ಪಟ್ಟಿ ಮಾಡಿ. ದೊಡ್ಡ ಗುಡ್ಡದಲ್ಲಿ ಅರ್ಧ ದಿನ, ಚಿಕ್ಕದರಲ್ಲಿ ಅರ್ಧ ಗಂಟೆ ನಿಂತರೆ ಗ್ರಾಫ್ ತೋರಿಸುವುದು ನಿಮ್ಮ ಸಮಯವನ್ನೇ ಹೊರತು ವಿಸ್ತೀರ್ಣವನ್ನಲ್ಲ. ಹೊಸ ಪ್ರಭೇದ ಸಿಗುವುದು ನಿಲ್ಲುವವರೆಗೂ ಪ್ರತಿ ಗುಡ್ಡದಲ್ಲೂ ಎಣಿಸಿ.