ಹಗ್ಗ ಕಡಿದರೂ ಬೀಳದ ಲಿಫ್ಟ್

ಮಂಗಳೂರಿನ ಮಳೆಗಾಲದಲ್ಲಿ ಗುಡುಗಿನ ಬೆನ್ನಿಗೇ ಕರೆಂಟ್ ಹೋಗುವುದುಂಟು. ಕದ್ರಿ, ಬಿಜೈ ಕಡೆಯ ಬಹುಮಹಡಿ ಕಟ್ಟಡಗಳ ಹಿರಿಯರು ಮೋಡ ಕವಿದರೆ ಸಾಕು, ಮಂಡಿನೋವನ್ನೂ ಲೆಕ್ಕಿಸದೆ ಮೆಟ್ಟಿಲು ಹಿಡಿಯುತ್ತಾರೆ. ಕರೆಂಟ್ ಹೋದರೆ ಲಿಫ್ಟ್ ದೊಪ್ಪನೆ ಕೆಳಗೆ ಬೀಳುತ್ತದೆಂಬ ಭಯ. ಈ ಭಯಕ್ಕೆ ಬುಡವಿಲ್ಲ ಎಂದು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಲಿಫ್ಟಿನ ಬ್ರೇಕನ್ನು ಬಲವಾದ ಸ್ಪ್ರಿಂಗುಗಳು ಸದಾ ಅದುಮಿ ಹಿಡಿದಿರುತ್ತವೆ. ಲಿಫ್ಟ್ ಹೊರಡುವಾಗ ವಿದ್ಯುತ್ಕಾಂತ ಆ ಹಿಡಿತವನ್ನು ಬಿಡಿಸುತ್ತದೆ. ಕರೆಂಟ್ ಹೋದ ಕ್ಷಣ ಕಾಂತ ಸೋಲುತ್ತದೆ, ಸ್ಪ್ರಿಂಗು ಮತ್ತೆ ಕಚ್ಚಿಕೊಳ್ಳುತ್ತದೆ. ಇನ್ನೊಂದು ಸೊಗಸು ನೋಡಿ: ನಮ್ಮ ಹಳೆಯ ತೋಟಗಳ ಏತಕ್ಕೆ ಹಿಂಬದಿಯಲ್ಲಿ ಕಲ್ಲು ಕಟ್ಟಿದ ಹಾಗೆ ಲಿಫ್ಟಿನ ಹಗ್ಗದ ಇನ್ನೊಂದು ತುದಿಗೂ ಭಾರ ಕಟ್ಟಿರುತ್ತಾರೆ. ಆ ಭಾರ ಖಾಲಿ ಪೆಟ್ಟಿಗೆಗಿಂತ ಹೆಚ್ಚು. ಪೆಟ್ಟಿಗೆಯ ತೂಕದ ಜೊತೆಗೆ, ಅದು ಹೊರಬಲ್ಲ ಭಾರದ ಸುಮಾರು ಅರ್ಧದಷ್ಟು. ಹಾಗಾಗಿ ಒಬ್ಬರೇ ಇರುವಾಗ ಬ್ರೇಕ್ ಬಿಟ್ಟುಹೋದರೆ ಲಿಫ್ಟ್ ಜಾರುವುದು ಮೇಲಕ್ಕೆ!

ಹಗ್ಗವೇ ಕಡಿದರೆ? ಸರಕು ಎತ್ತುವ ಯಂತ್ರಗಳು ಬಹಳ ಹಿಂದಿನಿಂದಲೂ ಇದ್ದವು. ಅವುಗಳಲ್ಲಿ ಮನುಷ್ಯರು ಹತ್ತಲು ಅಂಜುತ್ತಿದ್ದುದು ಈ ಪ್ರಶ್ನೆಯಿಂದಲೇ. 1854ರಲ್ಲಿ ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೆಸ್ ಪ್ರದರ್ಶನದಲ್ಲಿ ಎಲಿಷಾ ಓಟಿಸ್ ಎತ್ತರದ ವೇದಿಕೆಯ ಮೇಲೆ ತಾನೇ ನಿಂತು, ನೆರೆದ ಜನರ ಕಣ್ಣೆದುರಿನಲ್ಲೇ ಹಗ್ಗ ಕಡಿಸಿದ. ಹಗ್ಗದ ಬಿಗಿತಕ್ಕೆ ಬಾಗಿದ್ದ ಸ್ಪ್ರಿಂಗು ಸೆಟೆದು ಎರಡೂ ಪಕ್ಕದ ಹಳಿಗಳ ಹಲ್ಲುಗಳಿಗೆ ಸಿಕ್ಕಿಕೊಂಡಿತು. ವೇದಿಕೆ ತುಸುವೇ ಜಾರಿ ನಿಂತಿತು. 1857ರಲ್ಲಿ ಬ್ರಾಡ್‌ವೇಯ ಐದು ಮಹಡಿಯ ಅಂಗಡಿಯೊಂದರಲ್ಲಿ ಅವನ ಲಿಫ್ಟ್ ಗಿರಾಕಿಗಳನ್ನು ಹೊತ್ತಿತು. ಇಂದಿನ ಲಿಫ್ಟುಗಳಿಗೆ ಹಲವು ಉಕ್ಕಿನ ಹಗ್ಗಗಳಿವೆ. ಅದರ ಮೇಲೆ ಗವರ್ನರ್ ಎಂಬ ಕಾವಲುಗಾರನಿದ್ದಾನೆ: ವೇಗ ಮಿತಿ ಮೀರಿದರೆ ಪೆಟ್ಟಿಗೆಯ ಕೆಳಗಿನ ಬೆಣೆಗಳನ್ನು ಎಳೆದು ಹಳಿಗೆ ಕಚ್ಚಿಸುತ್ತಾನೆ.

ಓಟಿಸ್‌ಗೆ ಮುಂಚೆ ಮೇಲಿನ ಮಹಡಿ ಬಡವರ ಪಾಲು. ಮೆಟ್ಟಿಲು ಹೆಚ್ಚಾದಷ್ಟೂ ಬಾಡಿಗೆ ಕಡಿಮೆ. ಲಿಫ್ಟ್ ಬಂದು ಬೆಲೆಯ ಏಣಿಯನ್ನೇ ತಲೆಕೆಳಗು ಮಾಡಿತು. ಹಂಚಿನ ಮಾಡುಗಳ ನಮ್ಮೂರಿನಲ್ಲೂ ಈಗ ಸಮುದ್ರ ಕಾಣುವ ಮೇಲಿನ ಫ್ಲಾಟಿಗೇ ಬೇಡಿಕೆ.

ನಿಜವಾದ ಅಪಾಯ ಇರುವುದು ಗಾಬರಿಯಲ್ಲಿ. ಎರಡು ಮಹಡಿಗಳ ನಡುವೆ ನಿಂತ ಲಿಫ್ಟಿನ ಬಾಗಿಲನ್ನು ಎಳೆದು ತೆರೆದು ಹೊರಗೆ ಹಾರಲು ಹೋದವರು, ಪೆಟ್ಟಿಗೆಯ ಅಡಿಯ ಸಂದಿನಿಂದ ನೇರವಾಗಿ ಗುಂಡಿಗೆ ಬೀಳಬಹುದು. ಒಳಗೆ ಉಸಿರುಗಟ್ಟುವುದಿಲ್ಲ, ಗಾಳಿಯಾಡಲು ಕಿಂಡಿಗಳಿರುತ್ತವೆ. ಗಂಟೆಯ ಗುಂಡಿ ಒತ್ತಿ, ಕೆಳಗೆ ಕುಳಿತು ಕಾಯಿರಿ. ಬ್ಯಾಟರಿಯ ವ್ಯವಸ್ಥೆ ಇದ್ದರೆ ಲಿಫ್ಟ್ ತಾನಾಗಿಯೇ ಹತ್ತಿರದ ಮಹಡಿಗೆ ಬಂದು ಬಾಗಿಲು ತೆರೆಯುತ್ತದೆ.