ಡ್ರೋನ್ ಮಣ್ಣಿನೊಳಗಿಂದು ನೋಡಲ್ರಿ

ತಿಂಗಳಿಗೊಬ್ರಾದ್ರೂ ಮೊಬೈಲ್ ಹಿಡ್ಕೊಂಡು ಕಲಬುರಗಿಯ ನಮ್ಮ ಸರ್ವೇ ಆಫೀಸಿಗೆ ಬರ್ತಾರ. ಹೊಲದ ಸ್ಯಾಟಲೈಟ್ ಚಿತ್ರದ ಸ್ಕ್ರೀನ್‌ಶಾಟ್, ಅದರಾಗ ಒಂದ್ ದುಂಡನೆ ಗುರುತು. "ಸರ್, ಕೆಳಗ ಏನೋ ಅದ, ಡ್ರೋನ್ ಬಿಟ್ಟು ನೋಡ್ರಿ." ಏನೋ ಅಂದ್ರ ಏನಂತ ನನಗೂ ಗೊತ್ತದ, ಅವರಿಗೂ ಗೊತ್ತದ. ನಿಧಿ ಸಿಕ್ರ ಡಿಸಿಗೆ ತಿಳಿಸ್ಬೇಕು ಅಂತ ಕಾಯ್ದೆನೇ ಅದ ಅಂದ ಕೂಡ್ಲೇ ಅರ್ಧ ಜನ ಚಾ ಸುದ್ದಾ ಕುಡೀದೇ ಎದ್ದು ಹೋಗ್ತಾರ.

ಕ್ಯಾಮೆರಾಕ್ಕ ಕಾಣೋದು ಬೆಳೆ ಅಷ್ಟೇ. ಹಿಂಗಾರಿ ಜೋಳ ತಗೊಳ್ರಿ, ಮಳೆ ನಿಂತ ಮ್ಯಾಲ ಎರಿಮಣ್ಣಿನ ಹಸಿ ನಂಬಿ ಬದುಕೋ ಬೆಳೆ ಅದು. ಕೆಳಗ ಹಳೇ ಗೋಡೆ ಇದ್ರ ಮಣ್ಣು ತೆಳು, ಹಸಿ ಬೇಗ ಆರ್ತದ, ಅಲ್ಲಷ್ಟೇ ಬೆಳೆ ಮೊದ್ಲು ಹಳದಿ ತಿರುಗ್ತದ. ಮುಚ್ಚಿಹೋದ ಕಂದಕ ಇದ್ರ ಉಲ್ಟಾ, ಸುತ್ತೆಲ್ಲ ಒಣಗಿದ್ರೂ ಅದೊಂದು ಪಟ್ಟಿ ಹಸಿರು. ಇದು ಕಾಣೋದು ಕೆಲವೇ ದಿನ, ಮುಂದ ಇಡೀ ಹೊಲ ಒಂದೇ ಬಣ್ಣ. ಅದಕ್ಕೇ ಒಂದೇ ಫೋಟೋ ನಂಬಬ್ಯಾಡ್ರಿ ಅಂತ ಬಡ್ಕೊಳ್ಳೋದು, ಗೂಗಲ್ ಅರ್ಥ್‌ನಾಗ ಹಿಂದಿನ ವರ್ಷದ ಚಿತ್ರನೂ ಸಿಗ್ತಾವ, ಅದೇ ಹೊಲ ಬ್ಯಾರೆ ಬ್ಯಾರೆ ತಿಂಗಳು ನೋಡ್ರಿ, ಗುರುತು ಮತ್ತ ಮತ್ತ ಅಲ್ಲೇ ಬಂದ್ರ ಮಾತಾಡೋಣ. ಆಗ್ಲೂ ಎಷ್ಟು ಹಳೇದು ಅಂತ ಫೋಟೋ ಹೇಳಲ್ಲ. ನೀರಿನ ಪೈಪ್‌ಲೈನ್ ಹೂತಿದ್ರೂ ಹಿಂಗೇ ಗೆರೆ ಬೀಳ್ತದ.

ನಮ್ಮ ಕಲಬುರಗಿ ಜಿಲ್ಲೆಯ ಫಿರೋಜಾಬಾದಿಗೆ ಇಷ್ಟೆಲ್ಲ ತ್ರಾಸಿಲ್ಲ. 1400ರ ಸುಮಾರಿಗೆ ಬಹಮನಿ ಸುಲ್ತಾನ ಫಿರೋಜ್ ಶಾಹ ಕಟ್ಟಿಸಿದ ಊರು, ಕೆಳಗ ನಿಂತ್ರ ಜಾಲಿ ಗಿಡದ ನಡುವ ಗೋಡೆ ತುಂಡು ಕಾಣ್ತದ, ಮ್ಯಾಲಿಂದ ನೋಡಿದ್ರ ಮೂರು ಕಡೆ ಗೋಡೆ, ಒಂದ್ ಕಡೆ ಭೀಮಾ, ನಡುವ ಹೊಲ. ಬೀದರಿನ ನೌಬಾದ್ ಕರೇಜ್, ಅಂದ್ರ ಹಳೇ ನೀರಿನ ಸುರಂಗ, ಅದೂ ಹಂಗೇ, ಒಂದೇ ಬಾವಿ ಬಾಯಿ ನೋಡಿದ್ರ ಹಾಳು ಬಾವಿ ಅಂತೀರಿ, ಮ್ಯಾಲಿಂದ ಅವು ಸಾಲಾಗಿ ಕಾಣ್ತಾವ, ಅಂದ್ರ ಕೆಳಗ ಸುರಂಗ ಕಾಲುವೆ. ಅಲ್ಲಿ ಡ್ರೋನ್ ಮಾತ್ರ ಬಿಡಬ್ಯಾಡ್ರಿ ಮತ್ತ, ಬೀದರಿನಾಗ ವಾಯುಪಡೆ ನೆಲೆ ಅದ.

ಒಮ್ಮೆ ಶಹಾಪುರ ಕಡೆ ಒಬ್ಬ ಹುಡುಗನ ದುಂಡು ಗುರುತು ನೋಡ್ಲಿಕ್ಕೆ ಹೋಗಿದ್ದೆ. ಮೂರು ವರ್ಷದ ಚಿತ್ರದಾಗೂ ಅಲ್ಲೇ ಇತ್ತು, ನನಗೂ ಆಸೆ ಹುಟ್ಟಿತ್ತು, ಸುಳ್ಳ್ಯಾಕ ಹೇಳ್ಲಿ. ಕಟ್ಟಿ ಮ್ಯಾಲ ಕೂತಿದ್ದ ಅವನ ಮುತ್ಯಾ ನಕ್ಕ. "ಅದು ನಮ್ಮ ಕಣ ಅದ ತಮ್ಮಾ, ಮಷೀನ್ ಬರೋಕಿಂತ ಮೊದ್ಲು ಅಲ್ಲೇ ರಾಶಿ ಮಾಡ್ತಿದ್ವಿ." ನೀರು ಹೊಡ್ದು, ಎತ್ತು ತುಳಿಸಿ, ಸಗಣಿ ಸಾರಿಸಿ ಗಟ್ಟಿ ಮಾಡಿದ ನೆಲ, ಇವತ್ತಿಗೂ ಅಲ್ಲಿ ಜೋಳ ಗಿಡ್ಡ.

ಮೊಮ್ಮಗ ಮಾತ್ರ ಇನ್ನೂ ಫೋಟೋನೇ ಝೂಮ್ ಮಾಡ್ಲಕತ್ತಿದ್ದ.